ಹನಿಯೋ? ಕಕ್ಷೆಯೋ?

ಭಾರವಾದ ಪರಮಾಣುವಿನ ನ್ಯೂಕ್ಲಿಯಸ್ಸನ್ನು ನೀಲ್ಸ್ ಬೋರರು ದ್ರವದ ಹನಿಗೆ ಹೋಲಿಸಿದ್ದರು. ಅಲ್ಲ, ಒಳಗಿನ ಒಂದೊಂದು ಕಣಕ್ಕೂ ತನ್ನದೇ ಕಕ್ಷೆಯುಂಟೆಂದು 1949ರಲ್ಲಿ ಮರಿಯಾ ಮೇಯರರೂ ಯೆನ್ಸನ್ನರೂ ಸಾಧಿಸಿದರು. ಎರಡೂ ನಿಜವಾಗುವುದೆಂತು? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಒಂದೇ ಕೊಠಡಿಯಲ್ಲಿ ಕೂಡುತ್ತಿದ್ದ ರೈನ್‌ವಾಟರರೂ ಬೋರರ ಮಗ ಓಗೆಯವರೂ ಇದನ್ನೇ ಚರ್ಚಿಸುತ್ತಿದ್ದರು. ಹೊರಗಿನ ಕಣಗಳು ಒಡಲನ್ನೇ ಎಳೆದು ಮೊಟ್ಟೆಯಾಕಾರಕ್ಕೆ ತರಬಲ್ಲವೆಂದು ರೈನ್‌ವಾಟರರು 1950ರಲ್ಲಿ ಬರೆದರು. ಮೊಟ್ಟೆಯಾದರೆ ಅದು ಇಡಿಯಾಗಿ ತಿರುಗಲೂಬಹುದಷ್ಟೆ. ಓಗೆಯವರು ಮಾಟೆಲ್ಸನ್ನರೊಡನೆ ಕೋಪನ್‌ಹೇಗನ್ನಿನಲ್ಲಿ 1953ರ ವೇಳೆಗೆ ಆ ಗಣಿತವನ್ನು ಕಟ್ಟಿದರು. ಅದರಂತೆ ಎರಡನೆಯ ಶಕ್ತಿಮೆಟ್ಟಿಲು ಮೊದಲನೆಯದರ 3.33 ಪಟ್ಟು ಇರಬೇಕು. ಹಾಫ್ನಿಯಂ-180ರಲ್ಲಿ ಅಳೆದರೆ 93 ಮತ್ತು 309 ಸಾವಿರ ಎಲೆಕ್ಟ್ರಾನ್ ವೋಲ್ಟು, ಎಂದರೆ 3.3! ದಿನವೂ ಲೆಕ್ಕದ ತಾಳೆ ನೋಡುವ ನಮಗೆ ಇದಕ್ಕಿಂತ ರುಚಿಯಾದ ಸಂಗತಿ ಬೇರಿಲ್ಲ. ಮೂವರಿಗೂ ನೊಬೆಲ್ ಬಂದದ್ದು 1975ರಲ್ಲಿ. ಹಿರಿಯ ಬೋರರು ಅದನ್ನು ಕಾಣಲಿಲ್ಲ, 1962ರಲ್ಲೇ ತೀರಿಕೊಂಡಿದ್ದರು.