ಘಾಟಿ ಹತ್ತಿದ ಡಬ್ಲ್ಯುಡಿಜಿ-4

ಪುಣೆಯ ಹಿಂಜವಾಡಿಯಲ್ಲಿ ಕೆಲಸ ಮಾಡುವ ಧಾರವಾಡ, ಬೆಳಗಾವಿ ಕಡೆಯವರು ಹಬ್ಬಕ್ಕೆ ಊರಿಗೆ ಹೋಗುವುದು ಮಿರಜ್–ಲೋಂಡಾ ಹಾದಿಯಲ್ಲಿ. ಲೋಂಡಾದಿಂದ ಇನ್ನೊಂದು ಹಳಿ ಪಶ್ಚಿಮಕ್ಕೆ ಹೊರಳಿ ಕ್ಯಾಸಲ್‌ರಾಕ್ ಮೂಲಕ ಗೋವಾಕ್ಕೆ ಇಳಿಯುತ್ತದೆ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಹೆಸರು ಮಾಡಿದ್ದು ಆ ಘಾಟಿಯಲ್ಲಿ.

ಹೆಸರಲ್ಲೇ ಜಾತಕವಿದೆ: ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಡಿ ಡೀಸೆಲ್, ಜಿ ಗೂಡ್ಸ್, 4 ಎಂದರೆ ನಾಲ್ಕು ಸಾವಿರ ಅಶ್ವಶಕ್ತಿ. ಅಮೆರಿಕದ ಜನರಲ್ ಮೋಟಾರ್ಸ್‌ನ ಇಎಂಡಿ ವಿಭಾಗದಿಂದ ಭಾರತೀಯ ರೈಲ್ವೆ 21 ಎಂಜಿನ್‌ಗಳನ್ನು ತಂತ್ರಜ್ಞಾನದ ಸಮೇತ ಕೊಂಡಿತು. ಮೊದಲನೆಯವು 1999ರಲ್ಲಿ ಬಂದವು. ಆಮೇಲೆ ವಾರಾಣಸಿಯ ಕಾರ್ಖಾನೆಯೇ ಅವನ್ನು ತಯಾರಿಸತೊಡಗಿತು.

ಅದಕ್ಕೂ ಮುಂಚೆ ದಶಕಗಳ ಕಾಲ ಭಾರ ಎಳೆದದ್ದು 2600 ಅಶ್ವಶಕ್ತಿಯ ಡಬ್ಲ್ಯುಡಿಎಂ-2. ಅದರ ತೂಕ ಸುಮಾರು 113 ಟನ್, ಹೊರಡುವಾಗಿನ ಎಳೆತ 30 ಟನ್. ಹೊಸದರ ತೂಕ 126 ಟನ್, ಎಳೆತ 53 ಟನ್. ತೂಕ ಹೆಚ್ಚಿದ್ದು ಅಲ್ಪ, ಎಳೆತ ಮಾತ್ರ ಮುಕ್ಕಾಲು ಪಾಲು ಹೆಚ್ಚಿತು. ಗುಟ್ಟು ಮೋಟಾರಿನಲ್ಲಿದೆ. ಹಳೆಯದರಲ್ಲಿ ಡಿಸಿ ಮೋಟಾರು, ಚಕ್ರ ಜಾರಿದರೆ ಹಿಡಿತ ತಪ್ಪುತ್ತಿತ್ತು. ಇದರಲ್ಲಿ ತ್ರೀಫೇಸ್ ಎಸಿ ಮೋಟಾರು. ರೇಡಾರ್ ನೆಲದ ಮೇಲಿನ ನಿಜವಾದ ವೇಗ ಅಳೆಯುತ್ತದೆ, ಕಂಪ್ಯೂಟರು ಚಕ್ರದ ವೇಗವನ್ನು ಅದಕ್ಕೆ ಹೊಂದಿಸಿ ಜಾರದಂತೆ ತಡೆಯುತ್ತದೆ.

ಕ್ಯಾಸಲ್‌ರಾಕ್–ಕುಳೆ ಘಾಟಿಯಲ್ಲಿ 37 ಮೀಟರಿಗೆ ಒಂದು ಮೀಟರ್ ಏರು. ಸಾವಿರ ಟನ್ ಗಾಡಿ ಹಿಂದಕ್ಕೆ ಜಾರದಿರಲೆಂದರೆ 27 ಟನ್ ಎಳೆತ ಬೇಕು. ಮುರಗಾಂವ್ ಬಂದರಿನ ಕಲ್ಲಿದ್ದಲು ಮೇಲೇರುವಾಗ ಹಲವು ಎಂಜಿನ್ ಜೋಡಿಸುವುದು, ಹಿಂದಿನಿಂದ ಬ್ಯಾಂಕರ್ ತಳ್ಳುವುದು ಅದಕ್ಕಾಗಿಯೇ. ಹೊಸಪೇಟೆ ಕಡೆಯ ಅದಿರು ಇಳಿಯುವಾಗ ಅದೇ ಮೋಟಾರುಗಳು ಡೈನಮೊಗಳಾಗಿ ವೇಗ ತಡೆಯುತ್ತವೆ.

ಕೊರತೆ ಇರಲಿಲ್ಲವೆಂದಲ್ಲ. ಕ್ಯಾಬಿನ್ ಒಂದೇ ತುದಿಯಲ್ಲಿದ್ದುದರಿಂದ ಉದ್ದ ಮೂತಿ ಮುಂದಾದಾಗ ಲೋಕೋ ಪೈಲಟ್‌ಗೆ ಹಳಿ, ಸಿಗ್ನಲ್ ಕಾಣುವುದೇ ಕಷ್ಟ. ಎರಡೂ ತುದಿಗೆ ಕ್ಯಾಬಿನ್ ಇರುವ 4500 ಅಶ್ವಶಕ್ತಿಯ ಡಬ್ಲ್ಯುಡಿಜಿ-4ಡಿ ಬರಲು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಈಗ ತಂತಿ ಎಲ್ಲೆಡೆ ಹಬ್ಬುತ್ತಿದೆ. ಹುಬ್ಬಳ್ಳಿ ಶೆಡ್ಡಿಗೂ ವಿದ್ಯುತ್ ಎಂಜಿನ್ ಬಂದಿವೆ. ಡೀಸೆಲ್ ಎಂಜಿನ್‌ಗೆ ರೈಲ್ವೆ ಲೆಕ್ಕದಲ್ಲಿ ಆಯುಸ್ಸು 36 ವರ್ಷ. 1999ರ ಮೊದಲ ಎಂಜಿನ್‌ಗಳಿಗೇ 2035ರವರೆಗೆ ಕಾಲವಿದೆ, ಆಮೇಲೆ ಹುಟ್ಟಿದವುಗಳಿಗೆ ಇನ್ನೂ ಹೆಚ್ಚು. ಸವೆಯುವ ಮುಂಚೆಯೇ ಕೆಲಸ ಕಡಿಮೆಯಾಗುವುದು ಅವುಗಳ ಮುಂದಿರುವ ಚಿಂತೆ.