ಮೇಜಿನ ಮೇಲೊಂದು ಮಿರಜ ಜಂಕ್ಷನ್

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮದು ರೈಲಿನ ಹಳಿಗೆ ಕಟ್ಟಿಕೊಂಡ ಬದುಕು. ಬೆಳಗಿನ ಲೋಕಲ್ ತಪ್ಪಿತೆಂದರೆ ಇಡೀ ದಿನದ ಲೆಕ್ಕವೇ ತಪ್ಪಿತು. ಆದರೆ ಈ ಹಳಿಗಳಿಗೂ ಒಂದು ಚರಿತ್ರೆಯಿದೆ, ನಾವು ಊರು ಬಿಟ್ಟು ಇಲ್ಲಿಗೆ ಬಂದ ಕಥೆಗೂ ಅದಕ್ಕೂ ನಂಟಿದೆ ಎಂದು ನೆನೆಯುವವರು ಕಡಿಮೆ. ಈ ನಂಟನ್ನು ಮಕ್ಕಳ ಕಣ್ಣಿಗೆ ಕಾಣುವಂತೆ ಹೇಳುವ ಬಗೆಯೊಂದನ್ನು ದೂರದ ಐರ್ಲೆಂಡಿನ ಹವ್ಯಾಸಿಗಳು ತೋರಿಸಿಕೊಟ್ಟಿದ್ದಾರೆ. ಅದೇ ಮಾದರಿ ರೈಲಿನ ರಚನೆ.

ಮಾದರಿ ರೈಲೆಂದರೆ ಕೀಲಿ ಕೊಟ್ಟರೆ ಗಿರಗಿರನೆ ಸುತ್ತುವ ಆಟಿಕೆಯಲ್ಲ. ಒಂದು ಕಾಲದ ಒಂದು ನಿಲ್ದಾಣವನ್ನು ಅಳತೆ ತಪ್ಪದೆ ಹಲಗೆಯ ಮೇಲೆ ಮತ್ತೆ ಕಟ್ಟುವ ಕೆಲಸ ಅದು. ಡಬ್ಲಿನ್ನಿನ ಇಂಚಿಕೋರ್ ರೈಲು ಕಾರ್ಖಾನೆಯಲ್ಲಿ ದುಡಿದ ಸಿರಿಲ್ ಫ್ರೈ ಎಂಬವರು ತಮ್ಮ ದೇಶದ ಎಂಜಿನ್ನು, ಡಬ್ಬಿಗಳನ್ನು ಒಂದೊಂದಾಗಿ ಕೈಯಿಂದ ಮಾಡಿದರು. ಆ ಸಂಗ್ರಹ ಇಂದು ಮಲಾಹೈಡ್ ಎಂಬ ಊರಿನ ಮ್ಯೂಸಿಯಮ್ಮಿನಲ್ಲಿದೆ. ಮೂರು ಅಡಿ ಅಗಲದ ಹಳಿಗಳ ಮೇಲೆ ಓಡುತ್ತಿದ್ದ ಡೊನೆಗಾಲ್ ಜಿಲ್ಲೆಯ ರೈಲು 1959ರ ಡಿಸೆಂಬರ್ 31ರಂದು ನಿಂತೇಹೋಯಿತು. ಆದರೂ ಹವ್ಯಾಸಿಗಳ ಮನೆಯ ಹಲಗೆಗಳ ಮೇಲೆ ಅದು ಇನ್ನೂ ಓಡುತ್ತಲೇ ಇದೆ.

ಐರ್ಲೆಂಡಿನ ರೈಲಿಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿರುವುದು ಗೇಜಿನಲ್ಲಿ, ಅಂದರೆ ಎರಡು ಹಳಿಗಳ ನಡುವಿನ ಅಂತರದಲ್ಲಿ. ಅಲ್ಲಿನ ಮೊದಲ ರೈಲು 1834ರಲ್ಲಿ ಡಬ್ಲಿನ್ನಿನಿಂದ ಕಿಂಗ್ಸ್‌ಟೌನಿಗೆ 4 ಅಡಿ 8½ ಅಂಗುಲದ ಹಳಿಯ ಮೇಲೆ ಓಡಿತು. 1839ರಲ್ಲಿ ಬೆಲ್‌ಫಾಸ್ಟಿನ ಕಂಪನಿ 6 ಅಡಿ 2 ಅಂಗುಲ ಹಾಕಿತು. 1844ರಲ್ಲಿ ಡ್ರೋಗೆಡಾದ ಕಂಪನಿ 5 ಅಡಿ 2 ಅಂಗುಲವೆಂದಿತು. ಮೂವರೂ ಮೂರು ದಾರಿ! ಒಂದರ ಗಾಡಿ ಇನ್ನೊಂದರ ಹಳಿಯ ಮೇಲೆ ಓಡುವಂತಿರಲಿಲ್ಲ. ಕೊನೆಗೆ ಸರಕಾರವೇ ನಡುವೆ ಬಂದು 1846ರ ಕಾಯದೆಯಿಂದ 5 ಅಡಿ 3 ಅಂಗುಲವನ್ನು ಗೊತ್ತುಪಡಿಸಿತು. ಐರ್ಲೆಂಡಿನ ಮುಖ್ಯ ಮಾರ್ಗಗಳು ಇಂದಿಗೂ ಅದೇ ಅಳತೆಯವು.

ನಮ್ಮಲ್ಲಿ ಮೊದಲು ಈ ಗೊಂದಲವಿರಲಿಲ್ಲ. ಗವರ್ನರ್ ಜನರಲ್ ಡಾಲ್‌ಹೌಸಿಗೆ 6 ಅಡಿ ಬೇಕಿತ್ತು. ತೀರ್ಮಾನವಾದದ್ದು 5 ಅಡಿ 6 ಅಂಗುಲ. 1853ರ ಏಪ್ರಿಲ್ 16ರ ಶನಿವಾರ ಮಧ್ಯಾಹ್ನ ಬೋರಿಬಂದರಿನಿಂದ 14 ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳನ್ನು ಕೂರಿಸಿಕೊಂಡು, ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನುಗಳು ನಮ್ಮ ಠಾಣೆಗೆ ಬಂದದ್ದು ಈ ಬ್ರಾಡ್‌ಗೇಜಿನ ಮೇಲೆಯೇ. ಮರುವರ್ಷ, 1854ರಲ್ಲಿ, ಅದು ಕಲ್ಯಾಣವನ್ನು ತಲುಪಿತು. 1863ರಲ್ಲಿ ಬೋರಘಾಟಿನ ದಾರಿ ತೆರೆದ ಮೇಲೆ ಪುಣೆಯವರೆಗೆ ಅಡ್ಡಿಯಿಲ್ಲದಾಯಿತು.

ಗೊಂದಲ ಬಂದದ್ದು 1870ರಲ್ಲಿ. ಆಗ ವೈಸರಾಯ್ ಆಗಿದ್ದವನು ಲಾರ್ಡ್ ಮೇಯೋ. 1822ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಐರಿಷ್ ಮನುಷ್ಯ. ಮೂರು ಗೇಜುಗಳ ಗೋಳನ್ನು ಕಾಯದೆ ಮಾಡಿ ಬಗೆಹರಿಸಿಕೊಂಡ ನಾಡಿನವನೇ ನಮ್ಮ ದೇಶಕ್ಕೆ ಎರಡನೆಯ ಗೇಜನ್ನು ತಂದದ್ದು ಚರಿತ್ರೆಯ ಒಂದು ವಿನೋದ. ಬ್ರಾಡ್‌ಗೇಜಿಗೆ ಖರ್ಚು ಹೆಚ್ಚು, ಬೊಕ್ಕಸದಲ್ಲಿ ಹಣವಿಲ್ಲ. ಆದ್ದರಿಂದ ಹೊಸ ಮಾರ್ಗಗಳಿಗೆ ಮೀಟರ್‌ಗೇಜ್ ಸಾಕೆಂದು ತೀರ್ಮಾನವಾಯಿತು. ಈ ತೀರ್ಮಾನದ ಭಾರ ಬಿದ್ದ ನಾಡುಗಳಲ್ಲಿ ನಮ್ಮದೂ ಒಂದು. ಧಾತು, ಈಶ್ವರ ಸಂವತ್ಸರಗಳ ಘೋರ ಬರ ಕಳೆದ ಮೇಲೆ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿ, ಲೋಂಡಾಗಳ ಮೂಲಕ ಅದು ಹಾಕಿದ್ದೆಲ್ಲ ಮೀಟರ್‌ಗೇಜ್. ಬರ ಬಂದರೆ ಧಾನ್ಯ ತಲುಪಲಿ ಎಂಬ ಉದ್ದೇಶವೂ ಅದರ ಹಿಂದಿತ್ತು. ಅಗ್ಗದ ಹಳಿಯಾದರೂ ಹಳಿ ಬಂತಲ್ಲ ಎನ್ನಬೇಕು. ಅದಿಲ್ಲದಿದ್ದರೆ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಮುಂಬಯಿಯನ್ನು ಕಾಣುತ್ತಲೇ ಇರಲಿಲ್ಲ.

ಆದರೆ ಬಂದವರು ನಡುದಾರಿಯಲ್ಲಿ ಇಳಿಯಲೇಬೇಕಿತ್ತು. ಮೀಟರ್‌ಗೇಜಿನ ಗಾಡಿ ಮುಂಬಯಿಗೆ ಬರಲಾರದು. ಮೊದಲು ಪುಣೆಯಲ್ಲಿ, 1970ರ ದಶಕದ ಆರಂಭದಲ್ಲಿ ಬ್ರಾಡ್‌ಗೇಜ್ ಮುಂದುವರಿದ ಮೇಲೆ ಮಿರಜದಲ್ಲಿ, ಗಾಡಿ ಬದಲಿಸಬೇಕು. ಟ್ರಂಕು, ಹೋಲ್ಡಾಲು, ಉಪ್ಪಿನಕಾಯಿಯ ಭರಣಿ, ಕಂಕುಳಲ್ಲಿ ಕೂಸು, ಎಲ್ಲವನ್ನೂ ಹೊತ್ತುಕೊಂಡು ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ. ಸರಕಿನದೂ ಅದೇ ಪಾಡು. ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹಮಾಲರು ಹೊತ್ತು ಹಾಕಬೇಕು. ಸಾಲದ್ದಕ್ಕೆ, ಬಾರ್ಸಿ ಲೈಟ್ ರೈಲ್ವೆಯ ಎರಡೂವರೆ ಅಡಿಯ ಪುಟ್ಟ ಗಾಡಿಯೂ ಕುರ್ಡುವಾಡಿಯಿಂದ ಪಂಢರಪುರದ ಮೂಲಕ ಮಿರಜಕ್ಕೇ ಬರುತ್ತಿತ್ತು. ಐರ್ಲೆಂಡಿನ ಮೂರು ಗೇಜುಗಳು ಮೂರು ಕಡೆ ಇದ್ದವು. ನಮ್ಮ ಮೂರು ಒಂದೇ ಜಂಕ್ಷನ್ನಿನಲ್ಲಿ ಕೂಡಿದ್ದವು. 1990ರ ದಶಕದಲ್ಲಿ ಗೇಜು ಪರಿವರ್ತನೆಯಾಗಿ ಮಿರಜ–ಬೆಂಗಳೂರು ಹಳಿಯೂ ಅಗಲವಾಯಿತು. ಆಮೇಲೆ ಬಾರ್ಸಿಯ ಹಳಿಯೂ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದು ಕರಾವಳಿಯವರಿಗೂ ನೇರ ದಾರಿಯಾಯಿತು. ಕಷ್ಟ ಹೋಯಿತು, ಒಳ್ಳೆಯದೇ. ಆದರೆ ಆ ಪ್ಲಾಟ್‌ಫಾರ್ಮಿನ ನೆನಪೂ ಜೊತೆಯಲ್ಲೇ ಹೋಗುತ್ತಿದೆ.

ನಮ್ಮ ಮಕ್ಕಳು ಮೇಜಿನ ಮೇಲೆ ಕಟ್ಟಬೇಕಾದದ್ದು ಈ ಮಿರಜವನ್ನು. ಅಳತೆಯ ಲೆಕ್ಕ ಕಠಿಣವಲ್ಲ. ಅಡಿಗೆ 4 ಮಿಲಿಮೀಟರ್ ಎಂಬ ಪ್ರಮಾಣ ಹವ್ಯಾಸಿಗಳಲ್ಲಿ ಬಳಕೆಯಲ್ಲಿದೆ. ಹಾಗಾದರೆ ಬ್ರಾಡ್‌ಗೇಜ್ 22 ಮಿ.ಮೀ., ಮೀಟರ್‌ಗೇಜ್ ಸುಮಾರು 13, ಬಾರ್ಸಿ ಹಳಿ 10. ಐದೂವರೆ ಅಡಿ ಎತ್ತರದ ಹಮಾಲನೂ 22 ಮಿ.ಮೀ. ಆಗುತ್ತಾನೆ. ಈ ಪ್ರಮಾಣಕ್ಕೆ ಅಂಗಡಿಯಲ್ಲಿ ಸಿಗುವ ಸಿದ್ಧ ಹಳಿ 16.5 ಮಿ.ಮೀ. ಅಗಲದ್ದು, ಅದು ನಮ್ಮ ಬ್ರಾಡ್‌ಗೇಜಿಗೆ ತೀರ ಕಿರಿದು. ಐರಿಷ್ ಹವ್ಯಾಸಿಗಳಿಗೂ ಇದೇ ಸಂಕಟ. ಅವರ ಲೆಕ್ಕಕ್ಕೆ 21 ಮಿ.ಮೀ. ಬೇಕು, ಕೆಲವರು ಸಿಕ್ಕಿದ ಹಳಿಯಲ್ಲೇ ತೃಪ್ತಿಪಡುತ್ತಾರೆ, ಹಟವಾದಿಗಳು ಮರದ ಪಟ್ಟಿಯ ಮೇಲೆ ಹಳಿಯನ್ನು ತಾವೇ ಕೂರಿಸುತ್ತಾರೆ. ಡೊನೆಗಾಲಿನ ಮೂರಡಿ ಹಳಿಗೆ ಸರಿಹೊಂದುವ 12 ಮಿ.ಮೀ.ನ ಹಳಿಯೂ ಸಿಗುತ್ತದೆ. ಒಂದು ಮಿಲಿಮೀಟರ್ ಕಡಿಮೆಯಾದರೂ ನಮ್ಮ ಮೀಟರ್‌ಗೇಜಿಗೆ ಅದು ಸಾಕು.

ಜಾಗದ ಚಿಂತೆಯೂ ಬೇಡ. 70 ಅಡಿಯ ಡಬ್ಬಿ ಈ ಪ್ರಮಾಣದಲ್ಲಿ 28 ಸೆಂಟಿಮೀಟರ್. 15 ಡಬ್ಬಿಗಳ ಗಾಡಿ ಡೊಂಬಿವಲಿಯ ನಮ್ಮ ಕೋಣೆಗಳಲ್ಲಿ ಹಿಡಿಸದು, ನಿಜ. ಆದರೆ ಆರಡಿಯ ಹಲಗೆಯಲ್ಲಿ ಒಂದು ಎಂಜಿನ್, ಮೂರು ಡಬ್ಬಿ ಸುಖವಾಗಿ ನಿಲ್ಲುತ್ತವೆ. ಗಾಡಿ ಸುತ್ತು ಹೊಡೆಯಬೇಕಾಗಿಲ್ಲ. ಒಂದು ಕಡೆ ಅಗಲ ಹಳಿ, ಇನ್ನೊಂದು ಕಡೆ ಕಿರಿದು, ನಡುವೆ ಪ್ಲಾಟ್‌ಫಾರ್ಮ್. ಡಬ್ಬಿಗಳನ್ನು ರಟ್ಟಿನಲ್ಲೇ ಕತ್ತರಿಸಿ ಬಣ್ಣ ಬಳಿದರಾಯಿತು. ಜನ ಇಳಿದು ಹತ್ತುವ ಆ ಕೆಲವು ಗಜಗಳೇ ಈ ರಚನೆಯ ಜೀವ.

ಕಟ್ಟುವ ಮುನ್ನ ನೋಡಿ ಬರಬೇಕಾದ ಸ್ಥಳಗಳೂ ಇವೆ. ಪುಣೆಯ ಕೋಥರೂಡದಲ್ಲಿ 1998ರಲ್ಲಿ ತೆರೆದ ಜೋಶಿಯವರ ಕಿರುರೈಲುಗಳ ಸಂಗ್ರಹಾಲಯ ನಮಗೆ ಒಂದು ದಿನದ ಪ್ರಯಾಣ. ರಜೆಯಲ್ಲಿ ಊರಿಗೆ ಹೋದಾಗ 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲು ಮ್ಯೂಸಿಯಂ ನೋಡಬಹುದು.

ಇವೆಲ್ಲಕ್ಕಿಂತ ದೊಡ್ಡ ಸಂಗ್ರಹ ನಮ್ಮ ಮನೆಗಳಲ್ಲೇ ಇದೆ. ಮಿರಜದಲ್ಲಿ ಗಾಡಿ ಬದಲಿಸಿದ ಅಜ್ಜ, ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಚಹದ ಗಾಡಿ ಎಲ್ಲಿ ನಿಲ್ಲುತ್ತಿತ್ತು, ನಲ್ಲಿ ಎಲ್ಲಿತ್ತು, ಹಮಾಲ ಎಷ್ಟು ಕೇಳುತ್ತಿದ್ದ, ಮುಂದಿನ ಗಾಡಿಗೆ ಎಷ್ಟು ಹೊತ್ತು ಕಾಯಬೇಕಿತ್ತು, ಕನ್ನಡದ ಮಾತು ಮೊದಲು ಯಾವ ನಿಲ್ದಾಣದಲ್ಲಿ ಕಿವಿಗೆ ಬೀಳುತ್ತಿತ್ತು, ಇವು ಯಾವ ಟೈಮ್‌ಟೇಬಲ್ಲಿನಲ್ಲೂ ಅಚ್ಚಾಗಿಲ್ಲ. ಮಕ್ಕಳು ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂರಲಿ. ಅವರು ಹೇಳಿದಂತೆ ಹಲಗೆಯ ಮೇಲೆ ಗುರುತು ಹಾಕಲಿ. ಹಳಿ ತಡವಾಗಿ ಕೊಂಡರೂ ನಡೆಯುತ್ತದೆ. ಕೇಳುವ ಕೆಲಸ ಮಾತ್ರ ಈ ವಾರವೇ ಆಗಬೇಕು.