ಸೈಟಿನ ಅಡಿಯ ಸಾಗುವಳಿ ಚೀಟಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಮನೆ ಕೊಳ್ಳುವವರು ಮೊದಲು ಕೇಳುವುದು ಖಾತೆ ಮತ್ತು ಋಣಭಾರ ಪತ್ರವನ್ನು. ಖಾತೆ ತೆರಿಗೆ ಕಟ್ಟುವವರ ಗುರುತೇ ಹೊರತು ಮಾಲೀಕತ್ವದ ಪುರಾವೆಯಲ್ಲ. ಋಣಭಾರ ಪತ್ರವೋ ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಬಡಾವಣೆಯಾಗುವ ಮುನ್ನ, ಅದು ರಾಗಿ ಹೊಲವೋ ಹಿಪ್ಪುನೇರಳೆ ತೋಟವೋ ಆಗಿದ್ದಾಗ, ಮೊದಲ ಹಿಡುವಳಿದಾರನಿಗೆ ಆ ನೆಲ ಹೇಗೆ ಬಂತು ಎಂಬುದೇ ಅಸಲಿ ಪ್ರಶ್ನೆ. ಭೂಹೀನ ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಸಾಗುವಳಿ ಚೀಟಿಯಲ್ಲಿ ಇಂತಿಷ್ಟು ವರ್ಷ ಪರಭಾರೆ ಕೂಡದೆಂಬ ಷರತ್ತು ಇರುತ್ತಿತ್ತು. ಷರತ್ತು ಮುರಿದ ಹಳೆಯ ಮಾರಾಟಗಳನ್ನೂ 1978ರ ಪಿಟಿಸಿಎಲ್ ಕಾಯ್ದೆ, ಅಂದರೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ, ಅಸಿಂಧುವೆಂದಿತು. ಆಮೇಲಿನ ಮಾರಾಟಕ್ಕೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಜಮೀನು ಮರಳಿ ಕೋರಿದ ಅರ್ಜಿಯಲ್ಲಿ ಉಲ್ಲಂಘನೆ ಸಾಬೀತಾದರೆ ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಮಂಜೂರಿದಾರನ ವಾರಸುದಾರರಿಗೆ ಮರಳಿಸಬಹುದು.

ದಶಕಗಳ ಬಳಿಕ ಅಮಾಯಕ ಖರೀದಿದಾರನನ್ನು ಒಕ್ಕಲೆಬ್ಬಿಸುವುದು ನ್ಯಾಯವೇ ಎಂಬ ಆಕ್ಷೇಪ ಹಗುರವಾದುದಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ, ಅರ್ಜಿ ಸಮಂಜಸ ಕಾಲದೊಳಗೆ ಬರಬೇಕೆಂದು ಹೇಳಿತು. ವಿಧಾನಮಂಡಲ 2023ರ ತಿದ್ದುಪಡಿಯಲ್ಲಿ ಕಾಲಮಿತಿಯೇ ಇಲ್ಲವೆಂದು ಉತ್ತರಿಸಿತು. ನನ್ನ ಮಟ್ಟಿಗೆ ತಕ್ಕಡಿ ಮಂಜೂರಿದಾರನ ಕಡೆಗೇ ವಾಲುತ್ತದೆ: ಸಾಲಕ್ಕೋ ಮದುವೆಗೋ ಅಗ್ಗಕ್ಕೆ ಬಿಟ್ಟುಕೊಟ್ಟವನಿಗೆ ಕಾಯ್ದೆ ಓದಿ ಹೇಳುವವರಿರಲಿಲ್ಲ, ಕೊಳ್ಳುವವನಿಗಾದರೋ ವಕೀಲರಿದ್ದಾರೆ. ಹಾಗೆಂದು ಪರಭಾರೆಯಾದ ಜಮೀನಿಗೆ ಖಾತೆ ಬದಲಿಸಿಕೊಟ್ಟ ಕಂದಾಯ ಇಲಾಖೆ ಪಾರಾಗದು. ಪಹಣಿಯ ಜೊತೆ ತಾಲ್ಲೂಕು ಕಚೇರಿಯ ಮೂಲ ಮಂಜೂರಾತಿ ಕಡತವನ್ನೂ ಕೇಳಿ. ಕಡತ ಸಿಗುತ್ತಿಲ್ಲ ಎಂದರೆ ಮುಂಗಡ ಕೊಡಬೇಡಿ.